ಗುಡ್ಡದ ದಾರಿಯ ಸದಾಚಾರ

'ಆಚಾರ' ಎಂಬ ಮಾತನ್ನು ನಮ್ಮ ಜನರು ಸಾಮಾನ್ಯವಾಗಿ ಪೂಜೆ, ವ್ರತ, ನಿಯಮಗಳಿಗೆ ಮಾತ್ರ ಸೇರಿಸಿ ಆಡುತ್ತಾರೆ. ಆದರೆ ಆ ಪದದ ಒಡಲಲ್ಲಿರುವುದು 'ಚರ್' ಎಂಬ ಧಾತು. ನಡೆಯುವುದು, ಸಂಚರಿಸುವುದು ಎಂಬುದೇ ಅದರ ಮೂಲಾರ್ಥ. ಸಂಚಾರ, ವಿಚಾರ, ಆಚಾರ, ಚರಮೂರ್ತಿ ಇವೆಲ್ಲವೂ ಒಂದೇ ಬೇರಿನಿಂದ ಒಡೆದ ಚಿಗುರುಗಳು. ಕನ್ನಡದಲ್ಲಿಯೂ 'ನಡೆ' ಎಂಬುದು ಕಾಲಿನ ಗಮನವೂ ಹೌದು, ಬಾಳಿನ ಶೀಲವೂ ಹೌದು. ಪಂಚಾಚಾರಗಳಲ್ಲಿ ಸದಾಚಾರವನ್ನೂ ಭೃತ್ಯಾಚಾರವನ್ನೂ ಎಣಿಸಿದ ಹಿರಿಯರು, ಮನೆಯೊಳಗೆ ಕುಳಿತವನ ನಡತೆಯನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡವರಲ್ಲ. ದಾರಿಯ ಮೇಲಿರುವವನಿಗೂ ಅದು ಸಲ್ಲುತ್ತದೆ. ಅವನು ಕಾಲ್ನಡಿಗೆಯವನಾದರೂ ಸರಿ, ಬಂಡಿಯವನಾದರೂ ಸರಿ, ಜೀಪಿನವನಾದರೂ ಸರಿ.

ಜೀಪಿನ ಮಾತನ್ನು ಇಲ್ಲಿ ಎತ್ತುವುದಕ್ಕೆ ಕಾರಣವುಂಟು. ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿ ಈಗ ಬಳ್ಳಾರಿ, ಬೆಂಗಳೂರು, ಹೈದರಾಬಾದುಗಳಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳ ಒಂದು ಗುಂಪು ಈಚೆಗೆ ದರ್ಶನಕ್ಕೆ ಬಂದಿತ್ತು. ಬರುವ ಶ್ರಾವಣದಲ್ಲಿ ಕುರುಗೋಡಿನಿಂದ ಹೊರಟು ಗುಡ್ಡಗಾಡಿನ ಹಾದಿಯಲ್ಲಿ ಸಂಡೂರಿನ ಕಡೆಗೆ ಜೀಪುಗಳ ಮೇಲೆ ಸಂಚಾರ ಹೊರಡಲಿದ್ದೇವೆ, ಹೊರಡುವ ಮುನ್ನ ತಾವು ಬಂದು ಆಶೀರ್ವದಿಸಬೇಕು ಎಂದು ಅವರ ಬಿನ್ನಹ. ಡಾಂಬರು ರಸ್ತೆಯನ್ನು ಬಿಟ್ಟು ಕಲ್ಲು, ಕೆಸರು, ಏರುಗಳಲ್ಲಿ ವಾಹನವನ್ನು ನಡೆಸುವ ಈ ವಿನೋದಕ್ಕೆ ಅವರು 'ಆಫ್ ರೋಡಿಂಗ್' ಎನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಅವರಲ್ಲೊಬ್ಬರು ಕೇಳಿದರು. 'ದಾರಿ ಬಿಟ್ಟು ನಡೆಯುವುದು' ಎಂದರೆ ನಮ್ಮ ಕಡೆ ಅಷ್ಟು ಒಳ್ಳೆಯ ಅರ್ಥವಿಲ್ಲವಪ್ಪಾ ಎಂದಾಗ ಎಲ್ಲರೂ ನಕ್ಕರು. ನಕ್ಕ ಮೇಲೆ ಗಂಭೀರವಾದ ಮಾತುಗಳೂ ನಡೆದವು. ಅವನ್ನು ಬರವಣಿಗೆಯಲ್ಲಿ ಇಟ್ಟರೆ ಇತರರಿಗೂ ಉಪಯೋಗವಾದೀತೆಂದು ಅವರೇ ಕೇಳಿಕೊಂಡದ್ದರಿಂದ ಈ ಲೇಖನ.

ಮೊದಲಿಗೇ ಒಂದು ಮಾತು. ಯುವಕರು ಬೆಟ್ಟಕ್ಕೆ ಹೋಗುವುದು ನಮಗೆ ಸಂತೋಷದ ಸಂಗತಿ. ವಾರವೆಲ್ಲ ಕೊಠಡಿಯೊಳಗೆ ಗಾಜಿನ ಪರದೆಯನ್ನು ನೋಡುತ್ತ ಕುಳಿತವರಿಗೆ ಬಂಡೆ, ಗಾಳಿ, ಆಕಾಶಗಳು ಬೇಕು. ಜೀಪು ಎಂಬುದೂ ಪಾಪದ ವಸ್ತುವಲ್ಲ. ಗುಡ್ಡದ ಮೇಲಿನ ಗದ್ದುಗೆಗೆ ಮುಪ್ಪಿನವರನ್ನು ಮುಟ್ಟಿಸುವುದು ಅದೇ, ಬೇಸಗೆಯಲ್ಲಿ ನೀರಿನ ಡ್ರಮ್ಮುಗಳನ್ನು ಏರಿಸುವುದೂ ಅದೇ. ಕುರಿ ಕಾಯುವ ಹುಡುಗನೊಬ್ಬನಿಗೆ ಹಾವು ಕಚ್ಚಿದಾಗ ಅವನನ್ನು ಗುಡ್ಡದಿಂದ ಇಳಿಸಿ ಆಸ್ಪತ್ರೆಗೆ ಸೇರಿಸಿದ್ದು ಒಂದು ಹಳೆಯ ಜೀಪು. ಆದ್ದರಿಂದ ವಾಹನವನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಅದು ಎಲ್ಲಿ ಹೋಗಬೇಕು, ಯಾವಾಗ ಹೋಗಬೇಕು, ಯಾರಿಗೆ ದಾರಿ ಬಿಡಬೇಕು ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಹೋದ ವರ್ಷದ ಮುಂಗಾರಿನಲ್ಲಿ ಕುರುಗೋಡಿನಾಚೆಯ ಒಂದು ಗುಡ್ಡಕ್ಕೆ ಕೆಲವರು ವಾಹನಗಳನ್ನು ಏರಿಸಿದ್ದರು. ಯಾವ ಊರಿನವರೆಂಬುದು ಮುಖ್ಯವಲ್ಲ. ಹಿಂದಿನ ರಾತ್ರಿ ಮಳೆಯಾಗಿತ್ತು. ಆ ಗುಡ್ಡಕ್ಕೆ ಬಳಸಿಕೊಂಡು ಏರುವ ಹಳೆಯದೊಂದು ಬಂಡಿಜಾಡು ಇದೆ. ಅದು ಕೆಸರಾಗಿದೆಯೆಂದೋ, ನೇರವಾಗಿ ಏರುವುದೇ ಪೌರುಷವೆಂದೋ, ಜಾಡನ್ನು ಬಿಟ್ಟು ಹುಲ್ಲಿನ ಇಳಿಜಾರಿನಲ್ಲಿ ಮೇಲಕ್ಕೆ ಹತ್ತಿಸಿದರು. ಸಂಜೆಯ ಹೊತ್ತಿಗೆ ಹೊರಟುಹೋದರು. ಹದಿನೈದು ದಿನಗಳ ತರುವಾಯ ಬಿದ್ದ ದೊಡ್ಡ ಮಳೆಗೆ ಚಕ್ರದ ಗೆರೆಗಳೆರಡೂ ಕೊರಕಲುಗಳಾದವು. ಗುಡ್ಡದ ಬುಡದಲ್ಲಿ ಎರಡೆಕರೆ ಮಸಾರಿ ಹೊಲವಿಟ್ಟುಕೊಂಡು ಬದುಕುತ್ತಿರುವ ವೃದ್ಧೆಯೊಬ್ಬಳ ಸಜ್ಜೆಯ ಪೈರಿನ ಮೇಲೆ ಗರಸು, ಕಲ್ಲು ಬಂದು ಬಿದ್ದವು. ಆಕೆ ಮಠಕ್ಕೆ ಬಂದು ನಿಂತಳು. ಯಾರ ಮೇಲೂ ದೂರು ಹೇಳಲಿಲ್ಲ. ಯಾರೆಂದು ಅವಳಿಗೆ ಗೊತ್ತೂ ಇರಲಿಲ್ಲ. "ಅಜ್ಜಾರೆ, ಮೊದಲು ಗುಡ್ಡದ ನೀರು ನಡಕಂತ ಬರ್ತಿತ್ರಿ. ಈಗ ಓಡಿ ಬರಾಕತ್ತೈತಿ" ಎಂದಳು.

ವಿಶ್ವವಿದ್ಯಾನಿಲಯದಲ್ಲಿ ಭೂಗೋಳವನ್ನೋದಿದವರು ಅನೇಕ ಪುಟಗಳಲ್ಲಿ ಹೇಳುವುದನ್ನು ಆ ತಾಯಿ ಎರಡು ಮಾತಿನಲ್ಲಿ ಹೇಳಿದ್ದಳು. ನಮ್ಮ ಗುಡ್ಡಗಳು ಕಣಶಿಲೆಯ ಗುಡ್ಡಗಳು. ಬಂಡೆಯ ಮೇಲೆ ಮಣ್ಣಿರುವುದು ಕೆಲವೆಡೆ ಗೇಣು, ಕೆಲವೆಡೆ ನಾಲ್ಕು ಬೆರಳು. ಆ ಮಣ್ಣನ್ನು ಹಿಡಿದು ನಿಂತಿರುವುದು ಬಾದೆಹುಲ್ಲು, ತಂಗಡಿ, ಬಂದರಿಕೆಗಳ ಬೇರು. ಬಳ್ಳಾರಿಯ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ೫೦೦ ಮಿಲಿಮೀಟರಿನ ಆಸುಪಾಸು. ಅದರಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ರಭಸದಿಂದ ಸುರಿದುಹೋಗುತ್ತದೆ. ಹುಲ್ಲಿನ ಮೇಲೆ ಬಿದ್ದ ನೀರು ಹರಡಿಕೊಂಡು, ಅಲ್ಲಲ್ಲಿ ಇಂಗಿಕೊಂಡು, ನಿಧಾನವಾಗಿ ಇಳಿಯುತ್ತದೆ. ಚಕ್ರವು ತೇವದ ಏರಿನಲ್ಲಿ ಹಿಡಿತ ತಪ್ಪಿ ಇದ್ದಲ್ಲಿಯೇ ಗಿರ್ರನೆ ತಿರುಗಿತೆಂದರೆ ಎರಡು ಕೆಲಸಗಳಾಗುತ್ತವೆ. ಮೇಲಿನ ಹುಲ್ಲು ಬೇರುಸಹಿತ ಕಿತ್ತುಬರುತ್ತದೆ. ಕೆಳಗಿನ ಮಣ್ಣು ಅದುಮಿ ಗಟ್ಟಿಯಾಗಿ ನೀರು ಇಂಗದಂತಾಗುತ್ತದೆ. ಇಳಿಜಾರಿಗೆ ನೇರವಾಗಿ ಬಿದ್ದ ಆ ಗೆರೆಯೇ ಮುಂದಿನ ಮಳೆಗೆ ಕಾಲುವೆ. ಹರಡಿ ಬರಬೇಕಾದ ನೀರೆಲ್ಲ ಅದರಲ್ಲಿ ಕೂಡಿಕೊಂಡು ಬಲವನ್ನು ಪಡೆಯುತ್ತದೆ. ಮಲೆನಾಡಿನಲ್ಲಾದರೆ ಹುಲ್ಲು ಒಂದೆರಡು ಮಳೆಗಾಲಗಳಲ್ಲಿ ಮತ್ತೆ ಮುಚ್ಚಿಕೊಂಡೀತು. ನಮ್ಮ ಬೆಂಗಾಡಿನಲ್ಲಿ ಗಾಯ ಮಾಯುವುದು ಬಹಳ ತಡ.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರುಗಳಿದ್ದಾರೆ. ಈ ಸಂಗತಿಯನ್ನು ಕೇಳಿ ಐದಾರು ಮಂದಿ ಒಂದು ಭಾನುವಾರ ಹೋಗಿ ಕೊರಕಲಿಗೆ ಅಡ್ಡಡ್ಡಲಾಗಿ ಕಲ್ಲಿನ ಸಣ್ಣ ಒಡ್ಡುಗಳನ್ನು ಹಾಕಿ ಬಂದರು. ಎತ್ತರವಾದ ಒಂದೇ ಒಡ್ಡಿಗಿಂತ ಮೊಣಕಾಲೆತ್ತರದ ಹತ್ತು ಒಡ್ಡುಗಳು ಲೇಸೆಂದು ಅವರ ಲೆಕ್ಕ. ಅದು ಸರಿಯಾದ ಲೆಕ್ಕವೇ. ಹಿಂಗಾರಿನಲ್ಲಿ ಒಡ್ಡುಗಳ ಹಿಂದೆ ಸ್ವಲ್ಪ ಮಣ್ಣು ನಿಂತಿತು. ಆದರೂ ಮೂರು ಒಡ್ಡುಗಳು ಕಿತ್ತುಹೋಗಿವೆ. ಆ ವೃದ್ಧೆಗೆ ಆ ವರ್ಷದ ಸಜ್ಜೆ ಕೈಗೆ ಬರಲಿಲ್ಲ. ಒಂದು ಸಂಜೆಯ ವಿನೋದಕ್ಕೆ ತೆತ್ತ ಬೆಲೆ ಇದು. ತೆತ್ತವಳು ಜೀಪಿನಲ್ಲಿ ಕುಳಿತವಳಲ್ಲ.

ಜಾಡಿನ ಮರ್ಯಾದೆ ಹೊಸದಾಗಿ ಕಲಿಯಬೇಕಾದ ವಿದ್ಯೆಯೇನೂ ಅಲ್ಲ. ಸಿರುಗುಪ್ಪದ ಕಡೆಯ ಎರೆಯ ಸೀಮೆಯಲ್ಲಿ ಹುಟ್ಟಿದವರನ್ನು ಕೇಳಿ ನೋಡಿರಿ. ಮಳೆ ಬಿದ್ದ ಮರುದಿನ ಅಲ್ಲಿ ಬುದ್ಧಿಯುಳ್ಳ ರೈತನು ಬಂಡಿ ಹೂಡುವುದಿಲ್ಲ. ಹಸಿ ಎರೆಯಲ್ಲಿ ಗಾಲಿ ಹೂತರೆ ಎತ್ತಿಗೂ ಹಿಂಸೆ, ದಾರಿಗೂ ಹಾನಿ. ಹೂತ ಜಾಡು ಒಣಗಿ ಕಲ್ಲಿನಂತಾದ ಮೇಲೆ ಮುಂದಿನ ಮಳೆಗಾಲದವರೆಗೆ ಊರಿನವರೆಲ್ಲ ಅದರಲ್ಲೇ ಎಡವಬೇಕು. ಅದಕ್ಕಾಗಿಯೇ 'ಹದ' ಎಂಬ ಮಾತು ಹುಟ್ಟಿದೆ. ಹೊಲಕ್ಕೆ ಹದವಿರುವಂತೆ ದಾರಿಗೂ ಹದವಿದೆ. ಹದ ಬರುವವರೆಗೆ ಕಾಯುವುದು ಒಕ್ಕಲುತನದ ಅರ್ಧ ಭಾಗ. ವಾರಾಂತ್ಯದ ರಜೆ ಇರುವುದು ಎರಡೇ ದಿನ, ಕಾಯಲು ಹೊತ್ತಿಲ್ಲ ಎಂದು ಯುವಕರು ಹೇಳುತ್ತಾರೆ. ರಜೆಗೆ ತಕ್ಕಂತೆ ಗುಡ್ಡ ಒಣಗುವುದಿಲ್ಲವಲ್ಲ! ಮಳೆ ಬಿದ್ದಿದ್ದರೆ ಆ ಸಲ ಬುಡದಲ್ಲಿ ವಾಹನ ನಿಲ್ಲಿಸಿ ನಡೆದುಹೋಗಬೇಕು, ಇಲ್ಲವೇ ಇನ್ನೊಂದು ವಾರ ಬರಬೇಕು.

ಬಂಡಿಯ ಕಾಲದ ಇನ್ನೊಂದು ನಡಾವಳಿಯುಂಟು. ಇಕ್ಕಟ್ಟಾದ ದಾರಿಯಲ್ಲಿ ಎರಡು ಬಂಡಿಗಳು ಎದುರಾದರೆ ಬರಿದಾದ ಬಂಡಿ ಹೇರು ತುಂಬಿದ ಬಂಡಿಗೆ ದಾರಿ ಬಿಡಬೇಕು. ಇಳಿಯುವವನು ಏರುವವನಿಗಾಗಿ ನಿಲ್ಲಬೇಕು. ಏರಿನ ನಡುವೆ ಒಮ್ಮೆ ನಿಂತ ಎತ್ತುಗಳು ಮತ್ತೆ ಹೇರನ್ನು ಕದಲಿಸುವುದು ಕಷ್ಟ. ಎಂಜಿನ್ನಿಗೂ ಅದೇ ನ್ಯಾಯ. ಬೆಟ್ಟದ ರಸ್ತೆ ಸಾಕಷ್ಟು ಅಗಲವಿಲ್ಲದಲ್ಲಿ ಕೆಳಗಿಳಿಯುವ ವಾಹನವು ಮೇಲೇರುವ ವಾಹನಕ್ಕೆ ಆದ್ಯತೆ ಕೊಡಬೇಕೆಂದು ೧೯೮೯ರಲ್ಲಿ ರಚಿತವಾದ ರಸ್ತೆ ಸಂಚಾರ ನಿಯಮಗಳೂ ಹೇಳಿದವು. ಆದರೆ ಗುಡ್ಡದ ಹಾದಿಯಲ್ಲಿ ಎದುರಾಗುವುದು ವಾಹನಗಳು ಮಾತ್ರವಲ್ಲ. ತಲೆಯ ಮೇಲೆ ಸೌದೆ ಹೊರೆ ಹೊತ್ತ ಹೆಣ್ಣುಮಕ್ಕಳಿದ್ದಾರೆ, ಕುರಿಹಿಂಡುಗಳಿವೆ, ಹರಕೆ ಹೊತ್ತು ಬರಿಗಾಲಿನಲ್ಲಿ ಏರುವ ಭಕ್ತರಿದ್ದಾರೆ. ಇವರೆಲ್ಲರೂ ಹೇರು ಹೊತ್ತವರೇ. ಇವರನ್ನು ಕಂಡಾಗ ವಾಹನ ನಿಲ್ಲಬೇಕು, ಹಾರ್ನ್ ಹೊಡೆಯಬಾರದು. ಬೆದರಿದ ಕುರಿ ಒಂದು ಬಂಡೆಯಿಂದ ಹಾರಿತೆಂದರೆ ಅದರ ಹಿಂದೆ ಹತ್ತು ಹಾರುತ್ತವೆ. ಎತ್ತಿನ ಕೊರಳ ಹುರಿಗೆಜ್ಜೆಯೂ ಬರುವಿಕೆಯನ್ನು ತಿಳಿಸುತ್ತಿತ್ತು, ಆದರೆ ಯಾರನ್ನೂ ಬೆಚ್ಚಿಬೀಳಿಸುತ್ತಿರಲಿಲ್ಲ. ತನಗಿಂತ ಮೆಲ್ಲಗೆ ನಡೆಯುವವನ ಮುಂದೆ ತಾನು ಕಿರಿಯನೆಂದು ತಿಳಿದು ನಿಲ್ಲುವುದಕ್ಕೆ ಭೃತ್ಯಾಚಾರವೆಂಬ ಹೆಸರು ಸಲ್ಲುತ್ತದೆ ಎಂಬುದು ನಮ್ಮ ಭಾವನೆ.

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕ ಚಕ್ರವರ್ತಿಯ ಕಿರುಶಿಲಾಶಾಸನಗಳಿರುವುದು ವಾಚಕರಿಗೆ ತಿಳಿದಿರಬಹುದು. ಕ್ರಿಸ್ತಪೂರ್ವ ೩ನೆಯ ಶತಮಾನದ ಈ ವರ್ಗದ ಶಾಸನಗಳಲ್ಲಿ ತಾಯಿತಂದೆಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನಗಳ ಬೋಧೆಯಿದೆ. ನಮ್ಮ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯ ಪಾಠದಲ್ಲಿ ಇನ್ನೂ ಒಂದು ವಿಶೇಷವನ್ನು ಕಾಣುತ್ತೇವೆ. ಈ ಧರ್ಮವನ್ನು ಯಾರು ಯಾರಿಗೆ ತಿಳಿಸಬೇಕೆಂದು ಹೇಳುವಾಗ ಅರಸನು ಬ್ರಾಹ್ಮಣರನ್ನೂ ಲಿಪಿಕಾರರನ್ನೂ ಹೆಸರಿಸುವುದರ ಜೊತೆಗೆ ಆನೆಯ ಸವಾರರನ್ನೂ ರಥಶಿಕ್ಷಕರನ್ನೂ ಹೆಸರಿಸಿದ್ದಾನೆ. ಅಂದಿನ ಬಲವಾದ ವಾಹನಗಳು ಅವೇ ಅಲ್ಲವೇ? ದಯೆಯ ಪಾಠವನ್ನು ವಾಹನ ನಡೆಸುವವರಿಗೆ ಬೇರೆಯಾಗಿಯೇ ಮುಟ್ಟಿಸಬೇಕೆಂದು ಎರಡು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ಚಕ್ರವರ್ತಿಗೆ ಅನ್ನಿಸಿತೆಂಬುದನ್ನು ಓದಿದಾಗ ನಮಗೆ ಬೆರಗೂ ಆಯಿತು, ಸ್ವಲ್ಪ ನಗುವೂ ಬಂತು.

ಇನ್ನು ನಮ್ಮ ಸೀಮೆಗೇ ವಿಶೇಷವಾದ ಒಂದು ಎಚ್ಚರಿಕೆ. ಬಳ್ಳಾರಿಯ ಗುಡ್ಡಗಳು ಬರಿಯ ಗುಡ್ಡಗಳಲ್ಲ. ನಗರದ ಸಮೀಪದ ಸಂಗನಕಲ್ಲಿನ ಗುಡ್ಡಗಳಲ್ಲಿ ನಾಲ್ಕೈದು ಸಾವಿರ ವರ್ಷಗಳ ಹಿಂದಿನ ನವಶಿಲಾಯುಗದ ಜನ ವಾಸವಾಗಿದ್ದರು. ರಾಬರ್ಟ್ ಬ್ರೂಸ್ ಫೂಟರು ೧೯ನೆಯ ಶತಮಾನದಲ್ಲಿ ಇವನ್ನು ಗುರುತಿಸಿದರು. ಹಿರೇಗುಡ್ಡದ ಮೇಲೆ ಕಪ್ಪುಶಿಲೆಯ ಸಾಲೊಂದು ಹಾದುಹೋಗಿದೆ. ಆ ಶಿಲೆಯಿಂದಲೇ ಅವರು ಕೊಡಲಿಗಳನ್ನು ತಯಾರಿಸುತ್ತಿದ್ದರು. ಆ ಬಂಡೆಗಳ ಮೇಲೆ ಗೂಳಿಗಳ, ಮನುಷ್ಯರ ರೂಪಗಳನ್ನು ಕುಟ್ಟಿ ಬಿಡಿಸಿದ್ದಾರೆ. ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಅಲ್ಲಿವೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡದಲ್ಲಿ ೧೯೬೩-೬೪ರಲ್ಲಿ ಡಾ. ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಸಿ ಅಂಥದೇ ವಸತಿಯನ್ನು ಬೆಳಕಿಗೆ ತಂದರು. ಕುಡತಿನಿಯ ಬಳಿಯ ಬೂದಿದಿಬ್ಬವನ್ನಂತೂ ಹೊಸಪೇಟೆಯ ದಾರಿಯಲ್ಲಿ ಹೋಗುವವರೆಲ್ಲ ನೋಡಿಯೇ ಇರುತ್ತಾರೆ. ಇಂಥ ದಿಬ್ಬಗಳು ರಾಕ್ಷಸರ ಚಿತಾಭಸ್ಮವೂ ಅಲ್ಲ, ಅಗ್ನಿಪರ್ವತದ ಬೂದಿಯೂ ಅಲ್ಲ, ಪಶುಪಾಲಕರು ದೊಡ್ಡಿಗಳಲ್ಲಿ ಕೂಡಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಆದವು ಎಂಬುದನ್ನು ಆಲ್ಚಿನ್ ಎಂಬ ವಿದ್ವಾಂಸರು ಉಟ್ನೂರಿನ ಉತ್ಖನನದ ಆಧಾರದ ಮೇಲೆ ೧೯೬೩ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ.

ಜೀಪಿನವರಿಗೂ ಇದಕ್ಕೂ ಏನು ಸಂಬಂಧವೆಂದರೆ, ಇವುಗಳಲ್ಲಿ ಬಹುಪಾಲು ಕಣ್ಣಿಗೆ ಸ್ಮಾರಕದಂತೆ ಕಾಣುವುದೇ ಇಲ್ಲ. ಗುಡಿಗೆ ಗೋಪುರವಿದೆ, ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯ ಮುಂದೆ ಯಾರೂ ಅವಿನಯದಿಂದ ವಾಹನ ನಡೆಸಲಾರರು. ಆದರೆ ಬೂದಿದಿಬ್ಬ ಅರಿಯದವನಿಗೆ ಜೀಪನ್ನು ಹತ್ತಿಸಿ ಇಳಿಸಲು ಅನುಕೂಲವಾದ ದಿಣ್ಣೆ. ಶಿಲಾಯುಗದ ಕೊಡಲಿಯ ಚಕ್ಕೆಗಳು ಚಕ್ರದಡಿಯ ಜಲ್ಲಿಯಂತೆಯೇ ಕಾಣುತ್ತವೆ. ಚಕ್ಕೆಗಳು ಬಿದ್ದಿರುವ ಜಾಗ ಕದಲಿತೆಂದರೆ ಅವು ಹೇಳಬೇಕಾದ ಕಥೆ ಮುಗಿಯಿತು. ಚಿತ್ರವಿರುವ ಬಂಡೆಯ ಮೇಲೆ ಬಣ್ಣದಿಂದ ತಮ್ಮ ಹೆಸರು ಬರೆಯುವ ಮಹಾನುಭಾವರ ವಿಷಯದಲ್ಲಿ ಬರೆಯುವುದಕ್ಕೂ ಮನಸ್ಸಿಲ್ಲ. ಬಳ್ಳಾರಿಯಲ್ಲಿ ಬ್ರೂಸ್ ಫೂಟರ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವಿದೆ. ಗುಡ್ಡಕ್ಕೆ ಹೊರಡುವ ಮೊದಲು ಅಲ್ಲಿ ಒಂದು ತಾಸು ಕಳೆದರೆ ಯಾವುದು ಕಲ್ಲು, ಯಾವುದು ಕೊಡಲಿ ಎಂಬ ಕಣ್ಣು ಬಂದೀತು.

ಕಾಡುಪ್ರಾಣಿಗಳ ವಿಷಯ ಸ್ವಲ್ಪದರಲ್ಲಿ ಹೇಳುತ್ತೇವೆ. ದರೋಜಿಯ ಕರಡಿಧಾಮ ೧೯೯೪ರಲ್ಲಿ ಆಯಿತು. ಕರಡಿಗೆ ಸರಕಾರದ ಗಡಿಗೆರೆ ತಿಳಿಯದು; ಬಂಡೆಗಳ ಸಂದಿಯೆಲ್ಲ ಅದಕ್ಕೆ ಮನೆ. ಹಗಲು ಮಲಗಿ ಮುಸ್ಸಂಜೆಗೆ ಹೊರಡುವ ಪ್ರಾಣಿ. ಆದ್ದರಿಂದ ಹೊತ್ತು ಮುಳುಗುವ ಮುನ್ನ ಗುಡ್ಡ ಇಳಿದಿರಬೇಕು. ರಾತ್ರಿ ದೊಡ್ಡ ದೀಪ ಉರಿಸಿಕೊಂಡು, ಹಾಡು ಹಚ್ಚಿಕೊಂಡು ಅಲೆಯಬಾರದು. ಕಾಯ್ದಿಟ್ಟ ಅರಣ್ಯವಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಚಕ್ರ ಒಳಗಿಡಬಾರದು. ಹೊಲದವರ ಮುಳ್ಳುಬೇಲಿಯ ಬಾಗಿಲು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು, ತೆರೆದಿದ್ದರೆ ತೆರೆದೇ ಬಿಡಬೇಕು. ಹಳ್ಳವನ್ನು ಜನ ದಾಟುವ ಜಾಗದಲ್ಲಿಯೇ ನೇರವಾಗಿ, ಮೆಲ್ಲಗೆ ದಾಟಬೇಕು. ಅದರೊಳಗೆ ಜೀಪು ನಿಲ್ಲಿಸಿ ತೊಳೆಯುವುದನ್ನು ಕಂಡಿದ್ದೇವೆ. ಕೆಳಗೆ ದನ ನೀರು ಕುಡಿಯುತ್ತಿರುತ್ತದೆ. ಊಟದ ಪೊಟ್ಟಣ, ಬಾಟಲಿಗಳನ್ನು ತಂದವರೇ ಹಿಂದಕ್ಕೆ ಒಯ್ಯಬೇಕು. ಪ್ರಸಾದವನ್ನು ಚೆಲ್ಲಬಾರದೆಂದು ನಿಲಯದಲ್ಲಿ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಂದ ಯುವಕರಲ್ಲಿ ಒಬ್ಬರು ಒಂದು ಪ್ರಶ್ನೆಯನ್ನು ಸ್ವಲ್ಪ ಬಿಸಿಯಾಗಿಯೇ ಕೇಳಿದರು. "ಅದಿರಿನ ಲಾರಿಗಳು ಸಂಡೂರಿನ ಗುಡ್ಡಗಳನ್ನೇ ತಿಂದವು. ಅದನ್ನು ನೋಡಿಕೊಂಡು ಇದ್ದವರು ನಮ್ಮ ನಾಲ್ಕು ಜೀಪುಗಳ ಗೆರೆಯನ್ನು ಎಣಿಸುವುದು ನ್ಯಾಯವೇ?" ಎಂದು. ಪ್ರಶ್ನೆ ತಳ್ಳಿಹಾಕುವಂಥದಲ್ಲ. ಆ ಕೆಂಧೂಳಿನಲ್ಲಿ ದಾರಿಯ ಎರಡೂ ಬದಿಯ ಗಿಡದ ಎಲೆಗಳ ಬಣ್ಣವೇ ಮರೆತುಹೋಗಿದ್ದ ಕಾಲವನ್ನು ನಾವೂ ಕಂಡಿದ್ದೇವೆ. ಅದಕ್ಕೂ ಇದಕ್ಕೂ ಹಾನಿಯ ಪ್ರಮಾಣದಲ್ಲಿ ಹೋಲಿಕೆಯೇ ಇಲ್ಲ. ಆದರೆ ಗಣಿಯ ವಿಷಯದಲ್ಲಿ ಕೊನೆಗಾದರೂ ಲೆಕ್ಕ ಕೇಳುವವರು ಬಂದರು. ೨೦೧೧ರಲ್ಲಿ ಲೋಕಾಯುಕ್ತರ ವರದಿ ಹೊರಬಿತ್ತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಮುಂದೆ ಅನುಮತಿ ಕೊಡುವಾಗ ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಯನ್ನು ಗಣಿಗಣಿಗೂ ವಿಧಿಸಿತು. ವಿನೋದಕ್ಕೆ ಬಂದವನು ಬಿಟ್ಟುಹೋದ ಕೊರಕಲಿಗೆ ಗುತ್ತಿಗೆಯ ಪತ್ರವಿಲ್ಲ, ಗಡಿಯ ಕಲ್ಲಿಲ್ಲ, ಹೆಸರೂ ಇಲ್ಲ. ಆ ವೃದ್ಧೆ ಯಾವ ನ್ಯಾಯಾಲಯಕ್ಕೆ ಹೋಗಬೇಕು? ಈ ಮಾತನ್ನು ಅವರು ಒಪ್ಪಿದರೆಂದೇ ತೋರುತ್ತದೆ. ಪೂರ್ತಿ ಒಪ್ಪಿದರೋ ಗೌರವಕ್ಕಾಗಿ ಸುಮ್ಮನಾದರೋ ಹೇಳಲಾರೆವು. ದೊಡ್ಡ ಅನ್ಯಾಯದ ಮುಂದೆ ಬಾಯಿ ಬಿಡದವರು ಸಣ್ಣದನ್ನು ಹಿಡಿದು ಉಪದೇಶಿಸುತ್ತಾರೆ ಎಂಬ ಅವರ ನೋವಿನಲ್ಲಿ ಸತ್ಯವಿದೆ. ಗಣಾಚಾರವನ್ನು ಬಾಯಿಪಾಠ ಮಾಡಿಸುವ ಮಠಗಳೆಲ್ಲವೂ ಅದನ್ನು ಕೇಳಿಸಿಕೊಳ್ಳಬೇಕು.

ಈ ಸಮಸ್ಯೆ ನಮ್ಮೊಬ್ಬರದಲ್ಲ. ಕೊಡಗಿನ ಮಾಂದಲಪಟ್ಟಿ ೨೦೦೮ರಲ್ಲಿ ತೆರೆಕಂಡ 'ಗಾಳಿಪಟ' ಚಲನಚಿತ್ರದ ತರುವಾಯ ಪ್ರಸಿದ್ಧವಾಗಿ, ಅಲ್ಲಿಗೆ ಬಾಡಿಗೆ ಜೀಪುಗಳ ಸಾಲು ಹತ್ತಿತು. ಜೀಪು ನಡೆಸುವವರಿಗೆ ಅದು ಅನ್ನ; ಅವರನ್ನು ಹಗುರವಾಗಿ ದೂಷಿಸುವುದು ಸಲ್ಲ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಕೆಲವರು ಅದನ್ನೂ ಇದರ ತಲೆಗೇ ಕಟ್ಟಿದರು. ಅತಿವೃಷ್ಟಿ, ಗುಡ್ಡ ಕಡಿದ ರಸ್ತೆಗಳು, ಕಟ್ಟಡಗಳು ಎಂದು ಹಲವು ಕಾರಣಗಳಿರುವಲ್ಲಿ ಒಂದನ್ನೇ ಹಿಡಿಯುವುದು ಸತ್ಯಕ್ಕೆ ಅಪಚಾರ. ಶಿವಭಕ್ತರ ಗದ್ದುಗೆಯಿರುವ, ನಾಡಿನಲ್ಲೇ ಎತ್ತರವಾದ ಮುಳ್ಳಯ್ಯನಗಿರಿಯ ಶ್ರೇಣಿಗೆ ಹೋಗುವ ವಾಹನಗಳಿಗೆ ಚಿಕ್ಕಮಗಳೂರಿನ ಜಿಲ್ಲಾಡಳಿತವು ೨೦೨೫ರಲ್ಲಿ ಮುಂಗಡ ನೋಂದಣಿಯನ್ನೂ ಮಿತಿಯನ್ನೂ ಗೊತ್ತುಪಡಿಸಿತು. ಸರಕಾರ ಎಣಿಸಿ ಬಿಡುವ ಸ್ಥಿತಿ ನಮ್ಮ ಕುರುಗೋಡಿನ ಗುಡ್ಡಗಳಿಗೆ ಬರುವ ಮುನ್ನ ಹೋಗುವವರೇ ಎಣಿಸಿಕೊಂಡರೆ ಒಳ್ಳೆಯದು.

ಕೊನೆಗೆ ಆದ ತೀರ್ಮಾನ ಹೀಗಿದೆ. ಜೀಪುಗಳು ಹನ್ನೆರಡಕ್ಕೆ ಬದಲಾಗಿ ಆರು. ಒಂದರ ಹಿಂದೆ ಒಂದು, ಹಿಂದಿನದು ಕಣ್ಣಿಗೆ ಕಾಣುವಂತೆ. ಹಳೆಯ ಬಂಡಿಜಾಡನ್ನು ಬಿಟ್ಟು ಒಂದು ಮಾರು ಕೂಡ ಆಚೀಚೆ ಇಲ್ಲ. ಜಾಡಿನಲ್ಲಿ ಕೆಸರಿದ್ದರೆ ಪಕ್ಕದ ಹುಲ್ಲಿಗೆ ಇಳಿಸದೆ ಅಲ್ಲಿಂದಲೇ ಹಿಂತಿರುಗುವುದು. ಹೂತ ವಾಹನವನ್ನು ಎಳೆಯಲು ಮರಕ್ಕೆ ಹಗ್ಗ ಬಿಗಿಯಬೇಕಾಗಿ ಬಂದರೆ ತೊಗಟೆ ಸುಲಿಯದಂತೆ ಅಗಲವಾದ ಪಟ್ಟಿ ಸುತ್ತಿ ಬಿಗಿಯುವುದು. ಹಿಂದಿನ ಮೂರು ದಿನಗಳಲ್ಲಿ ಮಳೆಯಾಗಿದ್ದರೆ ಸಂಚಾರ ಮುಂದಕ್ಕೆ. ಗದ್ದುಗೆಯ ಕೊನೆಯ ಏರನ್ನು ಎಲ್ಲರೂ ನಡೆದೇ ಏರುವುದು. ನಡೆಯಲಾಗದ ವೃದ್ಧರಿಗಾಗಿ ಒಂದು ಜೀಪು ಮಾತ್ರ. ಇಷ್ಟಕ್ಕೆ ಅವರು ಒಪ್ಪಿದ್ದಾರೆ, ಆಶೀರ್ವಾದಕ್ಕೆ ಬರಲು ನಾವೂ ಒಪ್ಪಿದ್ದೇವೆ. ಹೊರಡುವ ಹಿಂದಿನ ದಿನ ಬೆಳಿಗ್ಗೆ ಆ ತಾಯಿಯ ಹೊಲದ ಮೇಲ್ಬದಿಯಲ್ಲಿ ಕಿತ್ತುಹೋದ ಮೂರು ಒಡ್ಡುಗಳನ್ನು ಮತ್ತೆ ಹಾಕುವ ಕೆಲಸವಿದೆ. ಸಂಚಾರಕ್ಕೆ ಬರುವವರೂ ಬಾರದವರೂ ಅದಕ್ಕೆ ಬರಬಹುದು. ಗುದ್ದಲಿ, ಪುಟ್ಟಿಗಳನ್ನು ತಾವೇ ತರತಕ್ಕದ್ದು. ಪ್ರಸಾದದ ವ್ಯವಸ್ಥೆ ಶ್ರೀಮಠದ್ದು.